ಚಿಗಟೇರಿ ಕ್ರಾಸಿನ ಇಪ್ಪತ್ತಾರು ನಿಮಿಷ

ಸ್ಟೇರಿಂಗಿನ ಕೆಳಗೆ, ಮೊಣಕಾಲು ತಾಗುವಷ್ಟು ಹತ್ತಿರ ಕೂರಿಸಿದ ಕಪ್ಪು ಡಬ್ಬಿಯ ಹಸಿರು ದೀಪವನ್ನು ನೋಡಬಾರದು ಎಂದುಕೊಂಡಷ್ಟೂ ಹಾಲೇಶಪ್ಪನ ಕಣ್ಣು ಅಲ್ಲಿಗೇ ಇಳಿಯುತ್ತಿತ್ತು. ಮಿಣಕ್ ಎನ್ನುವುದು, ಸುಮ್ಮನಾಗುವುದು, ಮತ್ತೆ ಮಿಣಕ್ ಎನ್ನುವುದು. ಎರಡು ವರ್ಷದ ಹಿಂದೆ, ಇದನ್ನು ಹಾಕಿಸದಿದ್ದರೆ ಬಾಡಿಗೆ ಕ್ರೂಸರ್ ಜೀಪಿನ ಫಿಟ್‌ನೆಸ್ ಕಾಗದ ಆಗುವುದಿಲ್ಲ ಎಂದಾಗ ಕೊಟ್ಟೂರು ಸ್ಟ್ಯಾಂಡಿನ ಗಾಡಿಯವರೆಲ್ಲ ಗೊಣಗುತ್ತಲೇ ಹಾಕಿಸಿಕೊಂಡಿದ್ದರು. ನಾಲ್ಕು ದಿನ ಬೈದರು, ಐದನೆಯ ದಿನ ಮರೆತರು. ಗಾಡಿ ಎಲ್ಲಿದೆಯೆಂದು ಆಕಾಶಕ್ಕೆ ಹೇಳುತ್ತದಂತೆ ಎಂದು ಯಾರೋ ಅಂದದ್ದಕ್ಕೆ, ಹೇಳಲಿ ಬಿಡು, ಆಕಾಶದವರೇನು ಕೊಟ್ಟೂರಿಗೆ ಹೆಣ್ಣು ಕೊಡಬೇಕೇ ಎಂದು ನಕ್ಕಿದ್ದರು. ಆ ನಗುವಿನಲ್ಲಿ ಹಾಲೇಶಪ್ಪನದೂ ಸೇರಿತ್ತು. ಈಗ ತಿಂಗಳೊಪ್ಪತ್ತಿನಿಂದ ನಗು ನಿಂತಿದೆ. ಗಾಡಿ ಓಡಿದಷ್ಟು ಕಿಲೋಮೀಟರಿಗೆ ದುಡ್ಡು ಕೀಳುತ್ತಾರಂತೆ, ಎಣಿಸಿಕೊಡುವುದು ಇದೇ ಡಬ್ಬಿಯಂತೆ ಎಂಬ ಸುದ್ದಿ ಮಂಡಕ್ಕಿ ಅಂಗಡಿಯಿಂದ ಕ್ಷೌರದಂಗಡಿಗೆ, ಅಲ್ಲಿಂದ ಸಂತೆಗೆ ಹಬ್ಬಿ, “ನಾಳಿ ಉಸಿರು ಬಿಟ್ಟಿದ್ದಕ್ಕೂ ಮೀಟರ್ ಕುಂದರಸ್ತಾರ ತಗಾ” ಎಂದು ಗಾಡಿ ಇಲ್ಲದವರೂ ಶಾಪ ಹಾಕತೊಡಗಿದ್ದರು. ಶಾಪ ಹಾಕಲು ಗಾಡಿ ಯಾಕೆ ಬೇಕು, ಬಾಯಿದ್ದರೆ ಸಾಕು.

ಇವತ್ತು ಹರಪನಹಳ್ಳಿಯಲ್ಲಿ ಅದರ ಬಗ್ಗೆಯೇ ಸರ್ಕಾರದವರ ಅಹವಾಲು ಸಭೆ. ಗಾಡಿ ಮಾಲೀಕರ ಸಂಘದ ಅಧ್ಯಕ್ಷ ಸುಂಕಪ್ಪ ಉಳಿದವರನ್ನು ತನ್ನ ಕ್ರೂಸರಿನಲ್ಲಿ ತುಂಬಿಕೊಂಡು ಮುಂದೆ ಹೋಗಿದ್ದ. ಕಾರ್ಯದರ್ಶಿಯಾದ ಹಾಲೇಶಪ್ಪನ ಗಾಡಿಯಲ್ಲಿ ಮನವಿಪತ್ರವೂ ಅಬ್ದುಲ್ ವಹಾಬನೂ ಇದ್ದರು. ಸಂಘದಲ್ಲಿ ಪಿಯುಸಿ ಮುಟ್ಟಿದವನು ಹಾಲೇಶಪ್ಪ ಒಬ್ಬನೇ, ಅಕ್ಷರವೂ ದುಂಡಗೆ, ಆದ್ದರಿಂದ ಎಂಟು ಬೇಡಿಕೆಗಳನ್ನು ಅವನೇ ಬರೆದಿದ್ದ. ಡೀಸೆಲ್ಲಿನಲ್ಲಿ ಒಮ್ಮೆ ತೆರಿಗೆ ಕೊಟ್ಟಿದ್ದೇವೆ, ವರ್ಷಕ್ಕೊಮ್ಮೆ ಕೊಡುತ್ತೇವೆ, ಮೂರನೆಯದು ಯಾಕೆ ಎಂಬುದು ಮೊದಲನೆಯದು. ಉಳಿದ ಏಳೂ ಅದರ ಮಕ್ಕಳು. ಬರೆದು ಮುಗಿಸಿ ಕೆಳಗೆ ಗೆರೆ ಎಳೆದಾಗ ಅವನಿಗೇ ಗೊತ್ತಿತ್ತು, ತನಗೆ ಈ ಡಬ್ಬಿ ಬೇಡವಾದದ್ದಕ್ಕೆ ಕಾರಣ ಈ ಎಂಟರಲ್ಲಿ ಒಂದೂ ಅಲ್ಲ. ಕಿಲೋಮೀಟರಿಗೆ ಹತ್ತು ರೂಪಾಯಿ ಕಿತ್ತರೂ ಅವನು ಕೊಡುತ್ತಿದ್ದ, ಹಳೆಯದನ್ನು ಕೆದಕುವುದಿಲ್ಲ ಎಂದು ಯಾರಾದರೂ ಬರೆದುಕೊಟ್ಟಿದ್ದರೆ. ಡಬ್ಬಿ ಹಳೆಯದನ್ನೂ ನೆನಪಿಟ್ಟುಕೊಳ್ಳುತ್ತದೆ ಎಂದು ಮೊದಲು ಕೇಳಿದ್ದು ಸುಂಕಪ್ಪನ ಬಾಯಿಂದಲೇ. “ಹ್ವಾದ ವರ್ಷ ನೀ ಯಾವ ದಾಬಾದಾಗ ಎಷ್ಟೊತ್ತು ಕುಂತಿದ್ದಿ ಅಂಬೋದೂ ಅದರಾಗ ಇರತೈತಂತಲೇ” ಎಂದು ಅವನು ಯಾರನ್ನೋ ಕಿಚಾಯಿಸಿದಾಗ, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡವನು ಹಾಲೇಶಪ್ಪ. ಅಂದಿನಿಂದ ಹೊಟ್ಟೆಗೆ ತಿಂದದ್ದು ಮೈಗೆ ಹತ್ತಿಲ್ಲ.

“ಸಭಾದಾಗ ನಾನೂ ಒಂದು ಮಾತು ಆಡಾವ ಅದೀನಿ” ಎಂದ ವಹಾಬ. ಸ್ಟ್ಯಾಂಡಿನ ಮಗ್ಗುಲಲ್ಲೇ ಅವನ ಗ್ಯಾರೇಜು; ಮೂವತ್ತು ವರ್ಷದಿಂದ ಈ ಸ್ಟ್ಯಾಂಡಿನ ಎಲ್ಲ ಗಾಡಿಗಳ ಹೊಟ್ಟೆ ಬಗೆದು ನೋಡಿದವನು. ಇವತ್ತು ಬಿಳಿಯ ಜುಬ್ಬಾ ಹಾಕಿದ್ದ, ಆದರೆ ಉಗುರಿನೊಳಗಿನ ಗ್ರೀಸು ಅವನು ಸತ್ತ ಮೇಲೂ ಹೋಗುವಂಥದ್ದಲ್ಲ. “ಏನು ಮಾತು?” ಎಂದು ಹಾಲೇಶಪ್ಪ ರಸ್ತೆ ನೋಡುತ್ತಲೇ ಕೇಳಿದ. “ಅಲ್ಲೇ ಕೇಳುವಂತಿ. ನಿನ್ನ ಹೊಗಳಾದೈತಿ, ಮೊದ್ಲ ಹೇಳಿದ್ರ ಬ್ಯಾಡ ಅಂತಿ.” ವಹಾಬ ನಕ್ಕ. ಹೆಂಡತಿ ತೀರಿಕೊಂಡ ಮೇಲೆ ಅವನು ನಗುವಾಗ ಮುಖದ ಒಂದೇ ಮಗ್ಗುಲು ನಗುತ್ತಿತ್ತು. ಅದನ್ನು ನೋಡಲಾರದೆ ಹಾಲೇಶಪ್ಪ ಇಲ್ಲದ ಎಮ್ಮೆಗೆ ಹಾರ್ನ್ ಬಾರಿಸಿದ.

ಕೊಟ್ಟೂರು ಸ್ಟ್ಯಾಂಡಿನಲ್ಲಿ ಒಂದು ಪದ್ಧತಿಯಿದೆ. ಗಾಡಿ ಪಾಳಿಯ ಪ್ರಕಾರ ನಿಲ್ಲಬೇಕು, ಸೀಟು ತುಂಬಿದ ಮೇಲೆಯೇ ಹೊರಡಬೇಕು, ಪಾಳಿ ಮುರಿದವನ ಗಾಡಿಯ ಗಾಳಿ ಬಿಡುವಷ್ಟು ಅದು ಕಟ್ಟುನಿಟ್ಟು. ಆದರೆ ರೋಗಿ ಹತ್ತಿದ ಗಾಡಿಗೆ ಪಾಳಿಯಿಲ್ಲ, ಬಾಡಿಗೆಯಿಲ್ಲ, ದಾರಿಯಲ್ಲಿ ಸೀಟು ಹತ್ತಿಸಿಕೊಳ್ಳುವಂತಿಲ್ಲ. ಯಾರೂ ಬರೆದಿಟ್ಟದ್ದಲ್ಲ, ಸ್ಟ್ಯಾಂಡಿನ ಮರ್ಯಾದೆ ಅಷ್ಟೆ. ಹನ್ನೊಂದು ತಿಂಗಳ ಹಿಂದೆ ಒಂದು ಮಧ್ಯಾಹ್ನ ವಹಾಬನ ಹೆಂಡತಿ ದಸ್ತಗೀರಬಿ ಎದೆ ಹಿಡಿದುಕೊಂಡು, ತನ್ನ ಕಾಲ ಮೇಲೇ ನಡೆದುಕೊಂಡು ಸ್ಟ್ಯಾಂಡಿಗೆ ಬಂದಿದ್ದಳು. ವಹಾಬ ಹಗರಿಬೊಮ್ಮನಹಳ್ಳಿಯಲ್ಲಿ ಯಾವುದೋ ಲಾರಿಯ ಕೆಳಗೆ ಮಲಗಿದ್ದ, ಅವನ ಫೋನು ಗೋಡೆಗೆ ನೇತುಹಾಕಿದ ಅಂಗಿಯಲ್ಲಿತ್ತು. ಮಗಳು ಮುಸರತ ಹಡಗಲಿಯಲ್ಲಿ ಗಂಡನ ಮನೆಯಲ್ಲಿ. “ಏನಿಲ್ಲ ಹಾಲೇಶಣ್ಣ, ಗ್ಯಾಸ್ ಅನಸ್ತತಿ. ಒಂದು ಸೂಜಿ ಹಾಕಿಸಿಕೊಂಡು ಬರ್ತೀನಿ” ಎಂದಳು. ಹಾಲೇಶಪ್ಪ ಅವಳನ್ನು ನಡುವಿನ ಸೀಟಿನಲ್ಲಿ ಮಲಗಿಸಿ, ಹರಪನಹಳ್ಳಿಗೆ ಹೊರಟ. ಇಲ್ಲಿಯವರೆಗೆ ಅವನು ಮಾಡಿದ್ದೆಲ್ಲ ಒಳ್ಳೆಯದೇ. ಮನುಷ್ಯ ಒಳ್ಳೆಯದನ್ನು ಅರ್ಧ ದಾರಿಯವರೆಗೆ ಮಾಡಬಲ್ಲ, ಅದರಲ್ಲೇನೂ ಅತಿಶಯವಿಲ್ಲ.

ಅರ್ಧ ದಾರಿಯಲ್ಲಿ ಫೋನು ಬಂತು. ಚಿಗಟೇರಿ ಕ್ರಾಸಿನಲ್ಲಿ ದಿನಾ ಹತ್ತುವ ಮೂವರು ಖಾಯಂ ಸೀಟಿನವರು, ಕ್ರಾಸಿಗೆ ಬರುತ್ತಿದ್ದೇವೆ, ಐದು ನಿಮಿಷ ನಿಲ್ಲು ಎಂದರು. ಖಾಯಂ ಸೀಟು ಒಂದು ದಿನ ತಪ್ಪಿದರೆ ಮರುದಿನ ಇನ್ನೊಬ್ಬನ ಗಾಡಿ ಹತ್ತಿರುತ್ತದೆ. ಹಿಂದೆ ತಿರುಗಿ ನೋಡಿದ. ದಸ್ತಗೀರಬಿ ಕಣ್ಣು ಮುಚ್ಚಿ ಮಲಗಿದ್ದಳು, ಮುಖದಲ್ಲಿ ಅಂಥದ್ದೇನೂ ಕಾಣಲಿಲ್ಲ. ಐದು ನಿಮಿಷವಲ್ಲವೇ ಎಂದು ಬೇವಿನ ಮರದ ಕೆಳಗೆ ನಿಲ್ಲಿಸಿದ. ಐದು ಹತ್ತಾಯಿತು. ಹತ್ತು ನಿಮಿಷ ಕಾದವನಿಗೆ ಹನ್ನೊಂದನೆಯದನ್ನು ಬಿಟ್ಟು ಹೋಗಲು ಆಗುವುದಿಲ್ಲ, ಹೋದರೆ ಕಾದ ಹತ್ತೂ ದಂಡವಾಗುತ್ತದೆ. ಇಪ್ಪತ್ತು ವರ್ಷ ಪಾಳಿಯಲ್ಲಿ ನಿಂತು ನಿಂತು ಆ ರೋಗ ಅವನ ರಕ್ತಕ್ಕೆ ಇಳಿದಿತ್ತು. ಅವಳು ಕಣ್ಣು ತೆರೆಯದೆ “ಯಾಕ ನಿಂತಿ ಅಣ್ಣ?” ಎಂದಳು. “ರೈಲ್ವೆ ಗೇಟು ಹಾಕ್ಯಾರ ಭಾಬಿ, ಈಗ ತೆಗೀತಾರ” ಎಂದು ಬಾಯಿಗೆ ಬಂದುಬಿಟ್ಟಿತು. ಯೋಚಿಸಿ ಹೇಳಿದ ಸುಳ್ಳಾಗಿದ್ದರೆ ಅವನು ತನ್ನನ್ನು ಕ್ಷಮಿಸಿಕೊಳ್ಳುತ್ತಿದ್ದನೋ ಏನೋ. ಯೋಚಿಸದೆ ಬಂದದ್ದು, ಅಷ್ಟು ಸಲೀಸಾಗಿ ಬಂದದ್ದು, ಅವನನ್ನು ಈಗಲೂ ಹೆದರಿಸುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಅವಳು, “ರೈಲಿನ ಸಪ್ಪಳ ಕೇಳವಲ್ದಲ್ಲ” ಎಂದಳು. ಅವನು ಕೊನೆಗೆ ಗಾಡಿ ಚಾಲೂ ಮಾಡಿದ. ಹರಪನಹಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರು ಸ್ಟೆತಾಸ್ಕೋಪು ಕಿವಿಯಿಂದ ತೆಗೆದು, ಒಂದರ್ಧ ತಾಸು ಮೊದಲು ತರಬೇಕಿತ್ತು ಎಂದರು. ಡಾಕ್ಟರುಗಳು ಎಲ್ಲರಿಗೂ ಹಾಗೇ ಹೇಳುತ್ತಾರೆ ಎಂದು ಹನ್ನೊಂದು ತಿಂಗಳಿಂದ ಅವನು ತನಗೆ ತಾನೇ ಹೇಳಿಕೊಂಡಿದ್ದಾನೆ. ಸಂಜೆ ಓಡಿಬಂದ ವಹಾಬನಿಗೆ ಅದೇ ಗೇಟನ್ನು ಹೇಳಿದ. ವಹಾಬ ಅವನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡು, “ನೀ ಏನು ಮಾಡ್ತಿದ್ದಿ ಮಾರಾಯಾ, ಗೇಟು ಹಾಕಿದ್ರ ದೇವರು ಬಂದ್ರೂ ನಿಂದ್ರಬೇಕು” ಎಂದಿದ್ದ. ಕೈಗೆ ತಾಗಿದ ಆ ಒದ್ದೆ ಇನ್ನೂ ಆರಿಲ್ಲ.

ಕ್ರಾಸು ಬಂದು ಹೋಯಿತು. ಹಾಲೇಶಪ್ಪ ಅಲ್ಲಿ ಯಾವಾಗಲೂ ಮಾಡುವಂತೆ ಎಕ್ಸಿಲರೇಟರ್ ಒತ್ತಿದ. ಕ್ರಾಸಿನಲ್ಲಿ ನಿಲ್ಲುವುದನ್ನು ಬಿಟ್ಟು ಹನ್ನೊಂದು ತಿಂಗಳಾಯಿತು, ಖಾಯಂ ಸೀಟುಗಳು ಬೇರೆ ಗಾಡಿ ಹಿಡಿದು ಅಷ್ಟೇ ದಿನವಾಯಿತು. ಅದೊಂದು ಶಿಕ್ಷೆಯೆಂದು ತಿಳಿದುಕೊಂಡಿದ್ದ. ಕಳ್ಳ ತನಗೆ ತಾನೇ ಕೊಟ್ಟುಕೊಳ್ಳುವ ಶಿಕ್ಷೆ ಎಷ್ಟು ಹಗುರವಿರುತ್ತದೆಂದು ಕಳ್ಳನಿಗೇ ಗೊತ್ತು.

ಸಭಾಂಗಣದಲ್ಲಿ ಫ್ಯಾನುಗಳು ತಿರುಗುತ್ತಿದ್ದವು, ಗಾಳಿ ಬರುತ್ತಿರಲಿಲ್ಲ. ಕೂಡ್ಲಿಗಿಯವರು, ಹಡಗಲಿಯವರು, ಟಂಟಂ ಗಾಡಿಯವರು, ಟ್ರ್ಯಾಕ್ಟರಿನವರು, ಸುಮ್ಮನೆ ಜಗಳ ನೋಡಲು ಬಂದವರು, ಎಲ್ಲರೂ ಇದ್ದರು. ವೇದಿಕೆಯ ಮೇಲೆ ದೊಡ್ಡ ಸಾಹೇಬರೊಬ್ಬರು ನಿದ್ದೆಗೂ ಎಚ್ಚರಕ್ಕೂ ನಡುವೆ ಕೂತಿದ್ದರು. ಕೆಳಗೆ ಮೇಜಿನ ಹತ್ತಿರ ಕ್ರಾಂತಿಕುಮಾರ್ ಎಂಬ ಎಳೆಯ ವಯಸ್ಸಿನ ಇಂಜಿನಿಯರು, ಲ್ಯಾಪ್‌ಟಾಪಿನಿಂದ ಗೋಡೆಯ ಮೇಲೆ ನಕಾಶೆ ಬಿಟ್ಟು, ಇದು ಇನ್ನೂ ವಿಚಾರ ಮಾತ್ರ, ನಿಮ್ಮ ಅಭಿಪ್ರಾಯ ಕೇಳಲು ಬಂದಿದ್ದೇವೆ ಎಂದು ಬೆಂಗಳೂರಿನ ನಯವಾದ ಕನ್ನಡದಲ್ಲಿ ಹೇಳುತ್ತಿದ್ದ. ಸುಂಕಪ್ಪ ಎದ್ದು ನಿಂತು, “ಅಭಿಪ್ರಾಯ ತಗೊಂಡು ಏನು ಮಾಡ್ತೀರಿ, ಉಪ್ಪಿನಕಾಯಿ ಹಾಕ್ತೀರೇನು? ರಸ್ತೆ ನಮ್ಮ ಹೊಲದಾಗ ಹಾಯ್ದೈತಿ, ತೆಗ್ಗು ನಮ್ಮ ಗಾಡಿಗೆ ಬಿದ್ದಾವ, ರೊಕ್ಕ ಮಾತ್ರ ನಿಮಗಾ?” ಎಂದು ಚಪ್ಪಾಳೆ ಗಿಟ್ಟಿಸಿಕೊಂಡ. ಆಮೇಲೆ ಹಾಲೇಶಪ್ಪನ ಸರದಿ. ಎಂಟು ಬೇಡಿಕೆ ಓದಿ ಕೂತರೆ ಸಾಕಿತ್ತು. ಆದರೆ ಓದುತ್ತ ಓದುತ್ತ ಗೋಡೆಯ ಮೇಲಿನ ನಕಾಶೆಯಲ್ಲಿ ಕೊಟ್ಟೂರಿನಿಂದ ಹರಪನಹಳ್ಳಿಗೆ ಬರುವ ಗೆರೆ ಕಾಣಿಸಿತು, ಗಂಟಲಿನಿಂದ ಬೇರೆ ಯಾರದೋ ದನಿ ಬಂತು. “ರೊಕ್ಕದ ಮಾತು ಆಮ್ಯಾಲಿರಲಿ. ಮನಷ್ಯಾ ಅಂದಮ್ಯಾಲೆ ದಾರ್ಯಾಗ ಎಲ್ಲೋ ನಿಂದರತಾನ. ಯಾಕ ನಿಂತಿ, ಎಷ್ಟೊತ್ತು ನಿಂತಿ ಅಂತ ಕೇಳಾಕ ನೀವ್ಯಾರ್ರೀ? ಹೆತ್ತ ತಾಯಿ ಕೇಳಂಗಿಲ್ಲ ಅದನ್ನ!” ಸಭೆ ಗುಡುಗಿತು. ಯಾರೋ ಶಿಳ್ಳೆ ಹಾಕಿದರು. ಅವನ ಹೆದರಿಕೆಯನ್ನು ಜನ ಸಿಟ್ಟು ಎಂದುಕೊಂಡರು. ಜೀವಮಾನದಲ್ಲಿ ಮೊದಲ ಬಾರಿಗೆ ನಾಯಕನಾದದ್ದು ಇಂಥ ಕಾರಣಕ್ಕೆ ಎಂದು ಅವನೊಬ್ಬನಿಗೇ ಗೊತ್ತಿತ್ತು.

ಆಗ ವಹಾಬ ಎದ್ದ. ಜುಬ್ಬಾದ ತೋಳು ಸರಿಪಡಿಸಿಕೊಂಡ. “ಸಾಹೇಬ್ರ, ನಾ ಗಾಡಿ ಮಾಲಕ ಅಲ್ಲ, ರಿಪೇರಿಯಾವ. ನಮ್ಮ ಸ್ಟ್ಯಾಂಡಿನಾಗ ಜಡ್ಡಿನವ್ರನ್ನ ಕರಕೊಂಡು ಹ್ವಾದ್ರ ರೊಕ್ಕ ಮುಟ್ಟಂಗಿಲ್ಲ. ನನ್ನ ಹೆಂಡ್ತೀನ ಈ ಹಾಲೇಶಪ್ಪ ಹಂಗ ಒಯ್ದ. ಆಕಿ ಉಳೀಲಿಲ್ಲ, ಅದು ಅಲ್ಲಾನ ಮರ್ಜಿ. ಆದ್ರ ಇವ ಹೆಂಗ ಓಡ್ಸ್ಯಾನ ಅಂಬೋದನ್ನ ನಿಮ್ಮ ಡಬ್ಬಿನ ಹೇಳಲಿ. ಆ ದಿನದ್ದು ತೋರಸ್ರಿ. ಆ ಕಿಲೋಮೀಟರಿಗೂ ದುಡ್ಡು ಕೇಳ್ತೀರೇನು, ಆ ಗೆರಿ ನೋಡಿ ಹೇಳ್ರಿ.” ತಾರೀಕನ್ನು ಅವನು ಕಾಗದ ನೋಡದೆ ಹೇಳಿದ.

“ಬ್ಯಾಡೋ ವಹಾಬ” ಎಂದು ಹಾಲೇಶಪ್ಪ ಅವನ ತೋಳು ಜಗ್ಗಿದ. “ಮನಿ ವಿಚಾರ, ಇಲ್ಯಾಕ? ಬಿಡು.” “ನಾಚಿಕೊಂತಾನ, ನೋಡ್ರಿ!” ಎಂದು ಹಿಂದಿನಿಂದ ಒಬ್ಬ ಕೂಗಿದ. “ತೋರಸ್ರೀ, ತೋರಸ್ರೀ!” ಎಂದು ಸಭೆಗೆ ಸಭೆಯೇ ಕೂಗಿತು. ಊರಿಗೆ ಬಂದವಳು ನೀರಿಗೆ ಬಾರದೆ ಇರುವಳೇ ಎನ್ನುತ್ತಾರಲ್ಲ, ಬರುವುದು ಬಂತು. ಅದು ಹೀಗೆ, ಹೊಗಳಿಕೆಯ ಸೀರೆಯುಟ್ಟುಕೊಂಡು ಬರುತ್ತದೆಂದು ಮಾತ್ರ ಅವನು ಎಣಿಸಿರಲಿಲ್ಲ. ಕ್ರಾಂತಿಕುಮಾರ್ ಗಾಡಿಯ ನಂಬರು ಕೇಳಿದ. ನಂಬರನ್ನು ಸುಂಕಪ್ಪ ಹೇಳಿದ, ಹೆಮ್ಮೆಯಿಂದ, ಒಂದೊಂದೇ ಅಂಕಿ ಬಿಡಿಸಿ.

ಗೋಡೆಯ ಮೇಲೆ ಕೆಂಪು ಗೆರೆ ಮೂಡಿತು. ಕೊಟ್ಟೂರಿನಿಂದ ಹೊರಟು, ಬಾಗಿ, ನೆಟ್ಟಗಾಗಿ, ಅರ್ಧದಲ್ಲಿ ಒಂದು ದೊಡ್ಡ ಚುಕ್ಕೆ, ಮತ್ತೆ ಗೆರೆ. ಎಷ್ಟು ಸಣ್ಣದಾಗಿತ್ತು ಅದು. ಹನ್ನೊಂದು ತಿಂಗಳು ಮಲಗಗೊಡದೆ ಕಾಡಿದ್ದು ಗೋಡೆಯ ಮೇಲೆ ಕುಂಕುಮದ ಬೊಟ್ಟಿನಷ್ಟು ಇತ್ತು. “ಇಲ್ಲಿ ಗಾಡಿ ನಿಂತಿದೆ” ಎಂದ ಕ್ರಾಂತಿಕುಮಾರ್, ಒಳ್ಳೆಯ ಹುಡುಗ, ಕೆಟ್ಟ ಉದ್ದೇಶವೇನೂ ಇಲ್ಲದೆ. “ಚಿಗಟೇರಿ ಕ್ರಾಸ್. ಮೂರು ಹನ್ನೆರಡರಿಂದ ಮೂರು ಮೂವತ್ತೆಂಟು. ಇಪ್ಪತ್ತಾರು ನಿಮಿಷ. ಇಂಜಿನ್ ಆಫ್ ಇದೆ.” ವಹಾಬ ತಲೆಯಾಡಿಸಿದ. “ಅದು ಗೇಟ್ರಿ. ರೈಲ್ವೆ ಗೇಟು ಹಾಕಿದ್ರು.” ಕ್ರಾಂತಿಕುಮಾರ್ ನಕಾಶೆ ಸರಿಸಿದ. “ಗೇಟು ಇಲ್ಲಿದೆ ಸರ್, ಇನ್ನೂ ಏಳು ಕಿಲೋಮೀಟರ್ ಮುಂದೆ. ಅಲ್ಲಿ ಗಾಡಿ ನಿಂತೇ ಇಲ್ಲ, ನೋಡಿ.”

ವಹಾಬ ನೋಡಿದ. ಬಹಳ ಹೊತ್ತು ನೋಡಿದ. ಬಾನೆಟ್ಟು ಎತ್ತಿ, ಮುಟ್ಟದೆ, ಬರೀ ನೋಡಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳುವವನು ಅವನು. ಹಾಲೇಶಪ್ಪ ಆ ನೋಟವನ್ನು ಇಪ್ಪತ್ತು ವರ್ಷ ಕಂಡಿದ್ದ. ಈಗ ತಿರುಗುತ್ತಾನೆ, ಈಗ ಎಲ್ಲರ ಮುಂದೆ ನನ್ನ ಕೊರಳಪಟ್ಟಿ ಹಿಡಿಯುತ್ತಾನೆ ಎಂದುಕೊಂಡ. ಹಿಡಿಯಲಿ ಎಂದೂ ಅನ್ನಿಸಿತು, ಹಾಗೆ ಅನ್ನಿಸಿದ್ದು ನಿಜ. ವಹಾಬ ತಿರುಗಲಿಲ್ಲ. ಗೋಡೆಯನ್ನೇ ನೋಡುತ್ತ, “ನಿಮ್ಮ ಡಬ್ಬಿ ಸುಳ್ಳು ಹೇಳ್ತೈತಿ” ಎಂದ.

ಅಷ್ಟು ಸಾಕಾಯಿತು. ಕುರ್ಚಿಗಳು ಬಿದ್ದವು. “ಡಬ್ಬಿ ಸುಳ್ಳೈತಿ! ಗೇಟಿಗೂ ಕ್ರಾಸಿಗೂ ವ್ಯತ್ಯಾಸ ಗೊತ್ತಿಲ್ಲದ್ದು ನಮ್ಮ ಕಿಲೋಮೀಟರ್ ಎಣಸ್ತತೇನ್ರಿ?” ಎಂದು ಸುಂಕಪ್ಪ ಮೇಜು ಗುದ್ದಿದ. ದೊಡ್ಡ ಸಾಹೇಬರಿಗೆ ಪೂರ್ತಿ ಎಚ್ಚರವಾಯಿತು. ಕ್ರಾಂತಿಕುಮಾರ್ ಮುಖ ಕೆಂಪಗೆ ಮಾಡಿಕೊಂಡು, ಹಾಗಾಗಲು ಸಾಧ್ಯವಿಲ್ಲ ಸರ್, ಹತ್ತು ಮೀಟರ್ ಹೆಚ್ಚುಕಮ್ಮಿ ಇರಬಹುದು ಅಷ್ಟೆ ಎನ್ನುತ್ತಿದ್ದುದು ಯಾರಿಗೂ ಕೇಳಿಸಲಿಲ್ಲ. ಆ ಕೋಣೆಯಲ್ಲಿ ಸತ್ಯ ಹೇಳುತ್ತಿದ್ದವನು ಅವನೊಬ್ಬನೇ. ಅವನಿಗೆ ಕುಡಿಯಲು ನೀರು ಕೊಡುವವರೂ ಇರಲಿಲ್ಲ. “ಬರಕೋ ಹಾಲೇಶಿ, ಒಂಬತ್ತನೇದು ಬರಕೋ” ಎಂದು ಸುಂಕಪ್ಪ ಪೆನ್ನು ಕೈಗಿಟ್ಟ. ಹಾಲೇಶಪ್ಪ ಬರೆದ. ಸದರಿ ಯಂತ್ರವು ರೈಲ್ವೆ ಗೇಟಿನ ಬಳಿ ನಿಂತ ವಾಹನವನ್ನು ಏಳು ಕಿಲೋಮೀಟರ್ ದೂರದ ಚಿಗಟೇರಿ ಕ್ರಾಸಿನಲ್ಲಿ ನಿಂತಿರುವುದಾಗಿ ತಪ್ಪು ಮಾಹಿತಿ ನೀಡಿರುವುದು ಸಭೆಯ ಸಮಕ್ಷಮ ರುಜುವಾತಾಗಿರುತ್ತದೆ. ಅಕ್ಷರಗಳು ಎಂದಿನಂತೆ ದುಂಡಗೆ ಬಂದವು. ಎಲ್ಲರೂ ಸಹಿ ಹಾಕಿದರು. ವಹಾಬನೂ ಹಾಕಿದ. ಒಂದೊಂದೇ ಅಕ್ಷರ ಕೂಡಿಸಿ, ಒಂಬತ್ತನೆಯ ಸಾಲಿನ ಕೆಳಗೆ, ಅಬ್ದುಲ್ ವಹಾಬ ಎಂದು. ಪರಿಶೀಲಿಸುತ್ತೇವೆ, ಅಲ್ಲಿಯವರೆಗೆ ಏನೂ ಜಾರಿ ಇಲ್ಲ ಎಂದು ಸಾಹೇಬರು ಎದ್ದರು. ಹೊರಗೆ ಯಾರೋ ಹಾಲೇಶಪ್ಪನ ಕೊರಳಿಗೆ ಸೇವಂತಿಗೆ ಹಾರ ಹಾಕಿ ಫೋಟೋ ತೆಗೆದರು.

ಗೆದ್ದವರು ಮಿರ್ಚಿ ಮಂಡಕ್ಕಿ ತಿನ್ನಲು ಹೋದರು. “ನಾ ಊರಿಗೆ ಹೋಗಬೇಕು, ನಡಿ” ಎಂದ ವಹಾಬ. ಇಬ್ಬರೇ ಹೊರಟರು. ಬಿಸಿಲು ಇಳಿಯುತ್ತಿತ್ತು, ಎರಡೂ ಕಡೆ ಮೆಕ್ಕೆಜೋಳ ಕೊಯ್ದ ಹೊಲಗಳು ಬೋಳಾಗಿ ಬಿದ್ದಿದ್ದವು. ರೈಲ್ವೆ ಗೇಟು ತೆರೆದಿತ್ತು. ಹಳಿ ದಾಟುವಾಗ ಗಾಡಿ ಕುಲುಕಿತು, ಇಬ್ಬರೂ ಒಟ್ಟಿಗೇ ಕುಲುಕಿದರು. ಹಾಲೇಶಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದ. ಇವನು ನಂಬಿದ್ದಾನೆ. ನಂಬದಿದ್ದರೆ ಹಾಗೆ ಯಾಕೆ ಅನ್ನುತ್ತಿದ್ದ? ನನ್ನ ಮಾತಿನ ಮುಂದೆ ಯಂತ್ರದ ಮಾತನ್ನು ತಳ್ಳಿಹಾಕಿದ. ಹಾಗಾದರೆ ಮುಗಿಯಿತು, ನಾನು ಉಳಿದೆ. ಉಳಿದೆ ಎಂಬ ಆ ನೆಮ್ಮದಿ ಹೊಟ್ಟೆಯಲ್ಲಿ ಬಿಸಿಯಾಗಿ ಹರಡುತ್ತಿದ್ದಾಗಲೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು; ಆದರೆ ನೆಮ್ಮದಿ ಹೇಸಿಗೆಗಿಂತ ಒಂದು ಹಿಡಿ ಹೆಚ್ಚೇ ಇತ್ತು. ಕ್ರಾಸು ಹತ್ತಿರವಾದಾಗ ಕಾಲು ತಾನಾಗಿ ಎಕ್ಸಿಲರೇಟರ್ ಒತ್ತಿತು.

“ನಿಂದರ್ಸು” ಎಂದ ವಹಾಬ.

ಗಾಡಿ ಬೇವಿನ ಮರದ ಕೆಳಗೆ ನಿಂತಿತು. ವಹಾಬ ಕೈ ಚಾಚಿ ತಾನೇ ಬೀಗದಕೈ ತಿರುವಿ ಇಂಜಿನ್ ಬಂದ್ ಮಾಡಿದ. ಹಿಂದೆ ತಿರುಗಿ ನಡುವಿನ ಸೀಟನ್ನು ನೋಡಿದ, ಮತ್ತೆ ಮುಂದೆ ನೋಡಿದ.

“ಈ ರಸ್ತ್ಯಾಗ ಕೆಟ್ಟು ನಿಂತ ಗಾಡಿ ರಿಪೇರಿ ಮಾಡಿ ಮಾಡಿ ಗಡ್ಡ ಬೆಳ್ಳಗಾಗೈತಿ ನಂದು. ಗೇಟು ಎಲ್ಲೈತಿ ಅಂಬೋದು ನನಗ ಗೊತ್ತಿಲ್ಲೇನಲೇ?” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಅದಿದ್ದರೆ ಎಷ್ಟೋ ಚೆನ್ನಾಗಿತ್ತು. “ಡಬ್ಬಿ ಖರೇನ ಹೇಳೈತಿ. ಸುಳ್ಳು ಹೇಳಿದಾವ ನಾನು. ಅಷ್ಟು ಮಂದ್ಯಾಗ ನಿನ್ನ ಬತ್ತಲಿ ಮಾಡಾಕ ಆಗಲಿಲ್ಲ.”

ಹಾಲೇಶಪ್ಪನ ಕೊರಳಲ್ಲಿ ಹಾರ ಇನ್ನೂ ಇತ್ತು. ತೆಗೆಯಬೇಕು ಎನ್ನಿಸಿತು, ಕೈ ಮೇಲೇಳಲಿಲ್ಲ. ತಪ್ಪಾಯಿತು ಎನ್ನಬೇಕು ಎಂದುಕೊಂಡ, ಆ ಮಾತು ಈ ಗಾಡಿಯೊಳಗೆ ಎಷ್ಟು ಅಗ್ಗವಾಗಿ ಕೇಳಿಸಬಹುದೆಂದು ನಾಚಿದ.

“ಎಷ್ಟು ಸೀಟು ಸಿಕ್ಕವು?” ಎಂದು ಕೇಳಿದ ವಹಾಬ.

ಮೂರು ಎನ್ನಬಹುದಿತ್ತು. ಮೂರು ಎನ್ನಲು ಬಾಯಿ ತೆರೆದದ್ದೂ ಹೌದು. ಕೊಲೆಗೆ ಒಂದು ಬೆಲೆಯಾದರೂ ಇರಲಿ ಎಂಬಂತೆ. ಆದರೆ ಆ ಮುಖದ ಎದುರು ಇನ್ನೊಂದು ಸುಳ್ಳು ಹೊರಡಲಿಲ್ಲ. ಅವನು ಯಾರಿಗೂ ಹೇಳದೆ, ತನಗೂ ಹೇಳಿಕೊಳ್ಳದೆ ಇಟ್ಟುಕೊಂಡಿದ್ದ ನಿಜವೇ ಹೊರಬಿತ್ತು.

“ಒಂದೂ ಸಿಗಲಿಲ್ಲ” ಎಂದ. “ಅವರ ಊರಾಗ ಬಸ್ ಬಂತಂತ ಹತ್ತಿ ಹೋಗಿದ್ರು. ಫೋನ್ ಮಾಡಿ ಹೇಳಲಿಲ್ಲ.”

ವಹಾಬ ಹಣೆಯನ್ನು ಮುಂದಿನ ಗಾಜಿಗೆ ಆನಿಸಿದ. ಅವನು ಅಂದ ಮಾತು ಗಾಜಿಗೆ ಬಡಿದು ಮಂಜಾಯಿತು.

“ಒಂದಾದ್ರೂ ಸಿಕ್ಕಿದ್ರ ಚಲೋ ಇತ್ತಲ್ಲೋ.”